ಬರೆದುಕೊಳ್ಳುವವರಿಗೆಷ್ಟು, ಬರೆಸಿದವರಿಗೆಷ್ಟು?

ಕಲಘಟಗಿ ತಾಲ್ಲೂಕಿನ ತಂಬೂರದಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರು, ವಯಸ್ಸು, ಸತ್ತ ದಿನ ಜನನ-ಮರಣ ವಹಿಗೆ ಸೇರುತ್ತವೆ. ಏನಾಗಿ ಸತ್ತರು ಎಂದು ಕೇಳಿದರೆ ಮಾತ್ರ ಊರು ತನ್ನ ಮಾತಿನಲ್ಲೇ ಉತ್ತರ ಕೊಡುತ್ತದೆ: ‘ಲಕ್ವಾ ಹೊಡೀತು’, ‘ಎದಿ ಹಿಡಕೊಂಡ ಕುಂತಾವ ಏಳಲೇ ಇಲ್ಲ’, ‘ವಯಸ್ಸಾಗಿತ್ತು, ಹೋದ’. ಇದು ತಂಬೂರವೊಂದರ ಪಾಡಲ್ಲ. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದು ಸಹಿ ಹಾಕಿದ್ದು ಶೇ 22.5ಕ್ಕೆ ಮಾತ್ರ. ಮಿಕ್ಕವರು ಯಾವ ಬೇನೆಯಿಂದ ಹೋದರು ಎಂಬುದು ಮನೆಯವರ ನೆನಪಿನಲ್ಲಿದೆ, ಸರ್ಕಾರದ ಲೆಕ್ಕದಲ್ಲಿಲ್ಲ.

ಈ ಕೊರತೆ ತುಂಬಲು ವೈದ್ಯ ಸಂಶೋಧಕರ ಬಳಿ ಹಳೆಯದೊಂದು ವಿಧಾನವಿದೆ. ಹಳ್ಳಿಗಳ ಒಂದು ಗುಂಪನ್ನು ಆರಿಸಿಕೊಂಡು ಮೊದಲು ಮನೆ ಮನೆಯ ಗಣತಿ ಮಾಡುವುದು. ಪ್ರತಿ ಮನೆಗೆ, ಪ್ರತಿ ಮನುಷ್ಯನಿಗೆ ಒಂದು ಸಂಖ್ಯೆ ಕೊಡುವುದು. ಆಮೇಲೆ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಅದೇ ಬಾಗಿಲಿಗೆ ಹೋಗಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಬಸಿರಾದರು, ಯಾರು ಊರು ಬಿಟ್ಟರು, ಯಾರು ಬಂದು ನೆಲೆಸಿದರು ಎಂದು ಬರೆದುಕೊಳ್ಳುವುದು. ಜತೆಗೆ ರಕ್ತದೊತ್ತಡ, ಸಕ್ಕರೆ, ತೂಕ ಅಳೆಯುವುದೂ ಉಂಟು. ಒಂದೆರಡು ವರ್ಷ ಮಾಡಿ ಬಿಟ್ಟರೆ ಇದು ಇನ್ನೊಂದು ಸರ್ವೆ. ಇಪ್ಪತ್ತು-ಮೂವತ್ತು ವರ್ಷ ಬಿಡದೆ ನಡೆದರೆ ಇಡೀ ಸಮುದಾಯದ ಆರೋಗ್ಯದ ಚರಿತ್ರೆ. ದೆಹಲಿಯ ಏಮ್ಸ್ ಸಂಸ್ಥೆ ಹರಿಯಾಣದ ಬಲ್ಲಭಗಢದ 28 ಹಳ್ಳಿಗಳಲ್ಲಿ 1960ರ ದಶಕದಿಂದ ಇದನ್ನು ಮಾಡುತ್ತಿದೆ. ಪುಣೆ ಸಮೀಪದ ವಢು ಭಾಗದ 22 ಹಳ್ಳಿಗಳಲ್ಲಿ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರ 2002ರಿಂದ ನಡೆಸಿಕೊಂಡು ಬಂದಿದೆ.

ಧಾರವಾಡ ಜಿಲ್ಲೆಯಲ್ಲಿ ಇಂಥದ್ದೊಂದನ್ನು ಹೂಡುವುದಾದರೆ ತಂಬೂರ ಮತ್ತು ಅದರ ಸುತ್ತಿನ ಹಳ್ಳಿಗಳು ತಕ್ಕ ಜಾಗ ಎನ್ನಿಸುವುದಕ್ಕೆ ಕಾರಣಗಳಿವೆ. ಕೆಲಸಕ್ಕೆ ಬೇಕಾದ ಸಂಸ್ಥೆಗಳು ದೂರವಿಲ್ಲ: ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ವಿದ್ಯಾಗಿರಿಯ ಜೆಎಸ್‌ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯೊಳಗಿನ ಜನಸಂಖ್ಯಾ ಸಂಶೋಧನಾ ಕೇಂದ್ರ. ಜಿಲ್ಲೆಯ ಸರಾಸರಿ ಅಂಕಿ ಈ ಭಾಗವನ್ನು ಮರೆಮಾಚುತ್ತದೆ ಎಂಬುದು ಇನ್ನೊಂದು ಕಾರಣ. ನವಲಗುಂದ, ಅಣ್ಣಿಗೇರಿಯ ಎರಿ ಹೊಲದಲ್ಲಿ ಮಳೆ ಕಡಿಮೆ, ಕುಡಿಯಲು ಕೆರೆಯ ನೀರು. ಕಲಘಟಗಿ ಕಡೆ ಭತ್ತ, ಗೋವಿನಜೋಳ, ಕಾಡಿನ ಅಂಚು, ಗೌಳಿ ದೊಡ್ಡಿಗಳು, ತಾಂಡಾಗಳು. ಇವೆರಡನ್ನೂ ಕೂಡಿಸಿ, ಮೇಲೆ ಹುಬ್ಬಳ್ಳಿ-ಧಾರವಾಡ ಮಹಾನಗರವನ್ನೂ ಸೇರಿಸಿ ತೆಗೆದ ಸರಾಸರಿ ಯಾವ ಊರಿನದೂ ಅಲ್ಲ.

ಹಾಗಾದರೆ ಮಾಡೋಣವೇ? ಹೌದು ಎನ್ನುವವರ ಬಳಿಯೂ ಬೇಡ ಎನ್ನುವವರ ಬಳಿಯೂ ಗಟ್ಟಿ ಮಾತುಗಳಿವೆ. ಎರಡಕ್ಕೂ ಸಾಕ್ಷಿ ಕರ್ನಾಟಕದಲ್ಲೇ ಸಿಗುತ್ತದೆ.

ವಹಿ ಉಳಿಸಿಕೊಂಡದ್ದರ ಫಲ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು 1934ರಿಂದ ವಹಿಯಲ್ಲಿ ಬರೆದಿಟ್ಟರು. ಮುಂದೊಂದು ದಿನ ಸಂಶೋಧನೆಗೆ ಬೇಕಾದೀತು ಎಂದು ಬರೆದದ್ದಲ್ಲ, ಹೆರಿಗೆ ಕೋಣೆಯ ಶಿಸ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ವಹಿ ಹಿಡಿದು, ಬೆಳೆದು ದೊಡ್ಡವರಾಗಿದ್ದ ಆ ಮಕ್ಕಳನ್ನು ಓಣಿ ಓಣಿಯಲ್ಲಿ ಹುಡುಕಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಪರೀಕ್ಷಿಸಿದಾಗ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ 3. ಬಸಿರಲ್ಲಿ ಹೊಟ್ಟೆ ತುಂಬದ ಕೂಸಿನ ಎದೆ ಐವತ್ತು ವರ್ಷದ ನಂತರ ಹೇಗಿರುತ್ತದೆ ಎಂಬುದಕ್ಕೆ ಭಾರತದಿಂದ ಸಿಕ್ಕ ಮೊದಮೊದಲ ಪುರಾವೆಗಳಲ್ಲಿ ಇದೂ ಒಂದು. ಆ ವಹಿಗಳನ್ನು ಯಾರಾದರೂ ರದ್ದಿಗೆ ಹಾಕಿದ್ದರೆ ಈ ಅರಿವು ನಮಗೆ ಸಿಗುತ್ತಿರಲಿಲ್ಲ.

ಧಾರವಾಡಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೆಳಗಾವಿಯದು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಸಾಯುವ ಬಾಣಂತಿಯರನ್ನು ಉಳಿಸಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ ಸಾಕೇ ಎಂಬ ಪ್ರಶ್ನೆಯಿತ್ತು. ಅದಕ್ಕೆ ಚುಚ್ಚುಮದ್ದು ಬೇಡ, ತಂಪು ಪೆಟ್ಟಿಗೆಯೂ ಬೇಡ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರೊಂದಿಗೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂಗಳ ಕೈಯಿಂದ 1,620 ಬಾಣಂತಿಯರ ಮೇಲೆ ಇದನ್ನು ಪರೀಕ್ಷಿಸಿತು. 2006ರಲ್ಲಿ ಫಲಿತಾಂಶ ಬಂತು: ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆಂದು ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದೇ ವೈದ್ಯಕೀಯ ಕಾಲೇಜು ಮುಂದೆ ಬೆಳಗಾವಿ ಸುತ್ತಿನ ಹಳ್ಳಿಗಳ ಗರ್ಭಿಣಿಯರ ನೋಂದಣಿ ವಹಿಯನ್ನು ವರ್ಷಗಟ್ಟಲೆ ನಡೆಸಿತು. ಹಳ್ಳಿಯ ಹೆರಿಗೆ ಕೋಣೆಯ ಪ್ರಶ್ನೆಗೆ ಹಳ್ಳಿಯಲ್ಲೇ ಉತ್ತರ ಸಿಗುತ್ತದೆ, ಆ ಉತ್ತರ ಜಗತ್ತಿಗೂ ಸಲ್ಲುತ್ತದೆ ಎಂದು ತೋರಿಸಿದ ಕೆಲಸವಿದು.

ಎಣಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಾವಿನ ಕಡಿತವೇ ಸಾಕ್ಷಿ. ಆಸ್ಪತ್ರೆಯ ಲೆಕ್ಕದಲ್ಲಿ ಹಾವು ಕಚ್ಚಿ ಸತ್ತವರು ಕೆಲವೇ ಸಾವಿರ. ಮನೆ ಮನೆಗೆ ಹೋಗಿ ಸಾವಿನ ಕಾರಣ ಕೇಳಿದ ‘ಮಿಲಿಯನ್ ಡೆತ್ ಸ್ಟಡಿ’ಯ ಅಂದಾಜು 2011ರಲ್ಲಿ ಪ್ರಕಟವಾದಾಗ ಆ ಸಂಖ್ಯೆ ವರ್ಷಕ್ಕೆ ಸುಮಾರು 46,000ಕ್ಕೆ ಏರಿತು. ಸತ್ತವರಲ್ಲಿ ಬಹುಪಾಲು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಭತ್ತದ ಗದ್ದೆಯ ಬದುವಿನ ಮೇಲೆ ಕತ್ತಲಲ್ಲಿ ನಡೆದು ಮನೆ ಸೇರುವ ಕಲಘಟಗಿಯ ರೈತನಿಗೆ ಇದು ಬರೀ ಅಂಕಿಯ ವಿಷಯವಲ್ಲ. ಯಾವ ತಿಂಗಳು, ಯಾವ ಹೊತ್ತು, ಯಾವ ಓಣಿ ಎಂದು ಗೊತ್ತಾದರೆ ಪ್ರತಿವಿಷದ ಬಾಟಲಿ ಎಲ್ಲಿರಬೇಕು ಎಂಬುದೂ ಗೊತ್ತಾಗುತ್ತದೆ.

ಹೊರಗಿನ ಜಗತ್ತಿನ ಅನುಭವವೂ ಇದೇ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ 5,209 ಜನರನ್ನು ನೋಂದಾಯಿಸಿಕೊಂಡು ಆರಂಭವಾದ ಅಧ್ಯಯನದಿಂದಲೇ ರಕ್ತದೊತ್ತಡ, ಕೊಲೆಸ್ಟ್ರಾಲ್, ಬೀಡಿ-ಸಿಗರೇಟು ಹೃದಯಕ್ಕೆ ಕುತ್ತು ಎಂಬುದು ಖಚಿತವಾಯಿತು. ಇಂದು ನಮ್ಮ ಪಿಎಚ್‌ಸಿಯಲ್ಲಿ ಬಿಪಿ ನೋಡುವ ಪರಿಪಾಠದ ಹಿಂದೆ ಆ ಊರಿನವರ ತಾಳ್ಮೆಯ ಪಾಲೂ ಇದೆ.

ಬಾಗಿಲಲ್ಲಿ ನಿಂತು ನೋಡಿದರೆ

ಪರ ವಿರೋಧ ತೂಗುವ ಮೊದಲು ಈ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡುವುದು ಒಳ್ಳೆಯದು. ‘ಒಂದು ಮನೆ’ ಎಂದರೆ ಯಾವುದು ಎಂಬಲ್ಲೇ ಮೊದಲ ತೊಡಕು. ಒಂದೇ ಸೂರಿನಡಿ ಅಣ್ಣ-ತಮ್ಮ ಇದ್ದಾರೆ, ಒಲೆ ಬೇರೆ ಬೇರೆ. ಆಗ ಅವು ಎರಡು ಮನೆ. ಮಗ ಗೋವಾಕ್ಕೆ ದುಡಿಯಲು ಹೋಗಿದ್ದಾನೆ, ಹಬ್ಬಕ್ಕೆ ಬರುತ್ತಾನೆ. ಅವನು ಊರಿನವನೋ ಅಲ್ಲವೋ? ಇಷ್ಟು ತಿಂಗಳು ಊರಲ್ಲಿದ್ದರೆ ನಿವಾಸಿ ಎಂದು ಒಂದು ನಿಯಮ ಬೇಕು, ಆ ನಿಯಮ ಇಪ್ಪತ್ತು ವರ್ಷವೂ ಬದಲಾಗಬಾರದು.

ಇದಕ್ಕಿಂತ ಬಿಕ್ಕಟ್ಟಿನದು ತವರುಮನೆಯ ಬಾಣಂತನ. ತಂಬೂರದ ಸೊಸೆ ಚೊಚ್ಚಲ ಹೆರಿಗೆಗೆ ಮುಂಡಗೋಡಿನ ತವರಿಗೆ ಹೋಗುತ್ತಾಳೆ. ಹಳಿಯಾಳಕ್ಕೆ ಕೊಟ್ಟ ತಂಬೂರದ ಮಗಳು ಹೆರಿಗೆಗೆ ತಂಬೂರಕ್ಕೆ ಬರುತ್ತಾಳೆ. ಕೂಸು ಹುಟ್ಟಿದ್ದು ಒಂದು ಕಡೆ, ಬೆಳೆಯುವುದು ಇನ್ನೊಂದು ಕಡೆ. ಹುಟ್ಟಿದ ವಾರದಲ್ಲೇ ಕೂಸು ತೀರಿಕೊಂಡರೆ ಎರಡೂ ಊರಿನ ಲೆಕ್ಕದಿಂದ ಅದು ಜಾರಿಬಿಡುವುದು ಸುಲಭ: ತವರಿನ ಊರು ‘ನಮ್ಮದಲ್ಲ’ ಎನ್ನುತ್ತದೆ, ಗಂಡನ ಊರಿಗೆ ಆ ಕೂಸು ಬಂದೇ ಇರುವುದಿಲ್ಲ. ಒಮ್ಮೆ ಬಂದು ಹೋಗುವ ಸರ್ವೆಯ ಕಣ್ಣಿಗೆ ಇದು ಬೀಳುವುದು ಕಷ್ಟ. ಬಸಿರು ನಿಂತ ತಿಂಗಳಿಂದಲೇ ಹೆಸರು ಬರೆದುಕೊಂಡು ಹಿಂಬಾಲಿಸುವ ವ್ಯವಸ್ಥೆಗೆ ಬೀಳುತ್ತದೆ.

ಮೂರನೆಯದು ಸಾವಿನ ವಿಚಾರಣೆ. ದಿನಕಾರ್ಯಗಳೆಲ್ಲ ಮುಗಿದ ಮೇಲೆ, ಪಿಯುಸಿ ಓದಿದ ಸ್ಥಳೀಯ ಹೆಣ್ಣುಮಗಳೊಬ್ಬಳು ಕಟ್ಟೆಯ ಮೇಲೆ ಕೂತು ಸತ್ತವರ ಹೆಂಡತಿಯನ್ನು ಕೇಳುತ್ತಾಳೆ: ‘ಅಜ್ಜಾರಿಗೆ ಒಂದ ಮಗ್ಗಲ ಕೈಕಾಲು ಬಿದ್ದಿದ್ವೇನ್ರಿ ಅಮ್ಮಾ? ಮಾತು ತೊದಲತಿತ್ತೇನ್ರಿ? ಕೆಮ್ಮು ಎಷ್ಟ ದಿನ ಇತ್ತು?’ ಆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಹೌದ ತಂಗಿ, ಬಾಯಿ ವಾರಿ ಆಗಿತ್ತು, ಎರಡ ದಿನ ನೀರೂ ಇಳೀಲಿಲ್ಲ’ ಎನ್ನುತ್ತಾಳೆ. ಬರೆದುಕೊಂಡದ್ದನ್ನು ಇಬ್ಬರು ವೈದ್ಯರು ಬೇರೆ ಬೇರೆ ಕೂತು ಓದಿ ಕಾರಣ ನಿರ್ಧರಿಸುತ್ತಾರೆ. ಇಬ್ಬರದೂ ತಾಳೆಯಾಗದಿದ್ದರೆ ಮೂರನೆಯವರ ಪಾಳಿ. ಪಾರ್ಶ್ವವಾಯು, ಅಪಘಾತ, ಹಾವಿನ ಕಡಿತದಂಥ ಕಾರಣಗಳನ್ನು ಈ ವಿಧಾನ ಚೆನ್ನಾಗಿ ಹಿಡಿಯುತ್ತದೆ. ಜ್ವರದ ಸಾವುಗಳಲ್ಲಿ, ವಯೋವೃದ್ಧರ ಸಾವುಗಳಲ್ಲಿ ಎಡವುತ್ತದೆ. ಏನೂ ಗೊತ್ತಿಲ್ಲದ್ದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆ ಅರ್ಧ ಗಂಟೆ ಆ ಮನೆಯವರಿಗೆ ಹಗುರವಲ್ಲ ಎಂಬುದನ್ನು ಯಾವ ಸಂಶೋಧಕನೂ ಮರೆಯಬಾರದು.

ಬೇಡ ಎನ್ನುವವರ ಮಾತು

‘ಬರೇ ಬರಕೊಂಡ ಹೋಗ್ತೀರಿ, ನಮಗೇನ್ ಬರ್ತದ್ರಿ?’ ಹಳ್ಳಿಯಲ್ಲಿ ಸರ್ವೆಗೆ ಹೋದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಇದನ್ನು ಅಜ್ಞಾನ ಎಂದು ತಳ್ಳಿಹಾಕಿದರೆ ನಮ್ಮದೇ ರಾಜ್ಯದ ಇತಿಹಾಸ ನಮ್ಮ ಮುಖಕ್ಕೆ ಕನ್ನಡಿ ಹಿಡಿಯುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ನಡೆಸಿತು. ಕ್ಷಯ ನಿಯಂತ್ರಣ ಕಾರ್ಯಕ್ರಮ ಇನ್ನೂ ತಲುಪದಿದ್ದ ಆ ಹಳ್ಳಿಗಳಲ್ಲಿ ಕಫದಲ್ಲಿ ರೋಗಾಣು ಕಂಡವರು ಐದು ವರ್ಷದ ಬಳಿಕ ಏನಾದರು ಎಂದು ನೋಡಿದಾಗ, ಪ್ರತಿ 100ರಲ್ಲಿ 49 ಮಂದಿ ತೀರಿಕೊಂಡಿದ್ದರು, 18 ಮಂದಿಯಲ್ಲಿ ರೋಗಾಣು ಹಾಗೇ ಇತ್ತು, 33 ಮಂದಿ ವಾಸಿಯಾಗಿದ್ದರು. ಚಿಕಿತ್ಸೆ ಕೈಗೆಟುಕದಿದ್ದರೆ ಕ್ಷಯ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳಲು ಜಗತ್ತಿನ ಪಠ್ಯಗಳು ಇಂದಿಗೂ ಬಳಸುವ ಅಂಕಿ ಇದು. ಆದರೆ ಅಷ್ಟು ಹೊತ್ತಿಗೆ ಕ್ಷಯಕ್ಕೆ ಔಷಧವಿತ್ತು. ಮನೆಯಲ್ಲೇ ಇದ್ದು ಗುಣವಾಗಬಹುದು ಎಂದು ಮದರಾಸಿನ ಪ್ರಯೋಗ 1950ರ ದಶಕದ ಕೊನೆಗೇ ತೋರಿಸಿಕೊಟ್ಟಿತ್ತು. ಆ 49 ಮಂದಿಯನ್ನು ನೆನೆದರೆ, ಎಣಿಸುವ ಕೈ ಮತ್ತು ಮದ್ದು ಕೊಡುವ ಕೈ ಬೇರೆ ಬೇರೆಯಾದರೆ ಏನಾಗುತ್ತದೆ ಎಂಬುದು ಅರ್ಥವಾಗುತ್ತದೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಅದೇ ಸಂಸ್ಥೆಗಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ, ಕ್ಷಯ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಅಲ್ಲಿ ರೋಗ ಪತ್ತೆಯಾಗಿರಲಿಲ್ಲ ಎಂದು ತೋರಿಸಿತು. ದೇಶದ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಯಬೇಕೆಂಬ ನೀತಿಗೆ ಅದು ಬುನಾದಿಯಾಯಿತು.

ಸಾಗರ ತಾಲ್ಲೂಕಿನ ಹಂದಿಗೋಡಿನ ಕತೆ ಇನ್ನೂ ಕಹಿ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಕೇರಿಗಳಲ್ಲಿ ಸೊಂಟ, ಮೊಣಕಾಲು ಹಿಡಿದು, ನಡೆಯಲಾಗದೆ ಕುಳ್ಳಾಗುವ ವಿಚಿತ್ರ ಬೇನೆ ಕಾಣಿಸಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಎಂಬ ಗುಮಾನಿ ಮೊದಲು ಹುಟ್ಟಿತು. ಆಮೇಲೆ ಅದು ವಂಶದಲ್ಲಿ ಹರಿಯುವ ಎಲುಬಿನ ರೋಗ ಎಂದು ತಿಳಿಯಿತು. ದಶಕಗಳ ಕಾಲ ತಂಡಗಳು ಬಂದು ರಕ್ತ ತೆಗೆದವು, ಎಕ್ಸ್‌ರೇ ಹಿಡಿದವು. ರೋಗಕ್ಕೆ ಹೆಸರು ಸಿಕ್ಕಿತು, ಗುಣಪಡಿಸುವ ಮದ್ದು ಸಿಗಲಿಲ್ಲ. ಸಿಕ್ಕ ಹೆಸರೂ ಊರಿನದೇ. ಸೊರಬ ತಾಲ್ಲೂಕಿನ ಕ್ಯಾಸನೂರಿಗೂ 1957ರಿಂದ ಇದೇ ಗತಿ. ಒಬ್ಬೊಬ್ಬರ ಹೆಸರನ್ನು ಗುಟ್ಟಾಗಿಟ್ಟರೂ ಊರಿನ ಹೆಸರು ಬಯಲಾದರೆ ಸಾಕು, ಕನ್ಯೆ ಕೇಳಲು ಬರುವವರು ಹಿಂದೆ ಮುಂದೆ ನೋಡುತ್ತಾರೆ. ‘ತಂಬೂರದಲ್ಲಿ ಇಂತಿಷ್ಟು ಜನಕ್ಕೆ ಮಾನಸಿಕ ಕಾಯಿಲೆ’ ಎಂಬ ಒಂದು ಸಾಲು ಪತ್ರಿಕೆಯಲ್ಲಿ ಬಂದರೆ ಅದರ ಭಾರ ಇಡೀ ಊರಿಗೆ.

ಎಣಿಕೆ ಇದ್ದರೂ ಕೆಲಸ ಆಗದಿರಬಹುದು ಎಂಬುದಕ್ಕೂ ಕ್ಯಾಸನೂರು ಕಾಡಿನ ಕಾಯಿಲೆಯೇ, ಅಂದರೆ ಮಂಗನ ಕಾಯಿಲೆಯೇ ನಿದರ್ಶನ. ಮಂಗ ಸತ್ತ ಸುದ್ದಿಯಿಂದ ಹಿಡಿದು ಶಿವಮೊಗ್ಗದ ಪ್ರಯೋಗಾಲಯದ ವರದಿಯವರೆಗೆ ಅದರ ಮೇಲೆ ನಿಗಾ ಇರುವುದು ದಶಕಗಳಿಂದ. 2005ರಿಂದ 2010ರ ದಾಖಲೆ ನೋಡಿ, ಎರಡು ಡೋಸ್ ಲಸಿಕೆ ಪಡೆದವರಿಗೆ ಸಿಕ್ಕ ರಕ್ಷಣೆ ಶೇ 62ರಷ್ಟು ಮಾತ್ರ ಎಂದು ಸಂಶೋಧಕರು 2013ರಲ್ಲಿ ಬರೆದರು. ಆ ಲಸಿಕೆ ನಿಂತದ್ದು 2022ರಲ್ಲಿ. ಗೊತ್ತಾಗುವುದಕ್ಕೂ ಮಾಡುವುದಕ್ಕೂ ನಡುವೆ ಇಷ್ಟು ಅಂತರ.

ಇನ್ನು ದುಡಿಯುವ ಕೈಗಳ ಪ್ರಶ್ನೆ. ಹಳ್ಳಿಯಲ್ಲಿ ಯಾವ ಸರ್ವೆ ಬಂದರೂ ಕೊನೆಗೆ ಆಶಾ ಕಾರ್ಯಕರ್ತೆಯ ಹೆಗಲಿಗೇ ಬೀಳುತ್ತದೆ. 2025ರ ಜನವರಿಯಲ್ಲಿ ತಿಂಗಳಿಗೆ ಖಚಿತ ಗೌರವಧನ ಕೊಡಿ ಎಂದು ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕೂತಿದ್ದರು. 30 ದಾಟಿದವರ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆಯನ್ನು ಮನೆ ಬಾಗಿಲಲ್ಲೇ ಮಾಡುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹರಡಿತು. ಅದರ ಮೇಲೆ ಇನ್ನೊಂದು ನಮೂನೆ, ಇನ್ನೊಂದು ಆ್ಯಪ್ ಹೇರಿದರೆ ಬರೆಯುವವರು ಸುಸ್ತಾಗಿ ಊಹೆಯಿಂದ ಭರ್ತಿ ಮಾಡುತ್ತಾರೆ. ಊಹೆಯ ಅಂಕಿ ಇಪ್ಪತ್ತು ವರ್ಷ ಕೂಡಿದರೂ ಊಹೆಯೇ.

ಲೆಕ್ಕದ ಆಕ್ಷೇಪವೊಂದೂ ಇದೆ, ಅದು ಭಾವನೆಗಿಂತ ಬಲವಾದದ್ದು. ಕರ್ನಾಟಕದಲ್ಲಿ ಈಗ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 16 ಜನನ, 6 ಮರಣ. 10,000 ಜನರ ಮೇಲೆ ನಿಗಾ ಇಟ್ಟರೆ ವರ್ಷಕ್ಕೆ 160 ಕೂಸು ಹುಟ್ಟುತ್ತವೆ, 60 ಜನ ಸಾಯುತ್ತಾರೆ. 2018-20ರ ಮಾದರಿ ನೋಂದಣಿ ಸಮೀಕ್ಷೆಯಂತೆ ರಾಜ್ಯದ ತಾಯಂದಿರ ಮರಣ ಪ್ರಮಾಣ ಲಕ್ಷ ಜನನಕ್ಕೆ 69. ಆ ಲೆಕ್ಕದಲ್ಲಿ 10,000 ಜನರ ನಡುವೆ ಒಬ್ಬ ಬಾಣಂತಿಯ ಸಾವು ಕಾಣಲು ಒಂಬತ್ತು ವರ್ಷ ಕಾಯಬೇಕು. ಒಂದು ಸಾವು ಹೆಚ್ಚಾದರೆ ಪ್ರಮಾಣ ದುಪ್ಪಟ್ಟು, ಒಂದೂ ಇಲ್ಲದಿದ್ದರೆ ಸೊನ್ನೆ. ತಂಬೂರವೊಂದನ್ನೇ ನೆಚ್ಚಿದರೆ ಇಂಥ ಪ್ರಶ್ನೆಗಳಿಗೆ ಉತ್ತರವೇ ಬರುವುದಿಲ್ಲ. ಲಕ್ಷದ ಹತ್ತಿರ ಜನರಿರುವ ಹಳ್ಳಿಗಳ ಗುಂಪು ಬೇಕು. ಗುಂಪು ದೊಡ್ಡದಾದಷ್ಟೂ ಖರ್ಚು ಹೆಚ್ಚು, ಮನೆಯವರ ಮುಖ ಪರಿಚಯ ಕಡಿಮೆ.

ತೂಗಿ ನೋಡಿದರೆ

ಎರಡೂ ಕಡೆಯ ಮಾತು ಕೇಳಿದ ಮೇಲೆ ಜಗಳದ ಮೂಲ ಕಾಲದಲ್ಲಿದೆ ಅನ್ನಿಸುತ್ತದೆ. ಈ ವ್ಯವಸ್ಥೆಯ ಲಾಭ ಇಪ್ಪತ್ತನೇ ವರ್ಷಕ್ಕೆ ಬರುತ್ತದೆ, ಕಷ್ಟ ಮೊದಲ ದಿನವೇ ಶುರುವಾಗುತ್ತದೆ. ಲಾಭ ಬಹುಮಟ್ಟಿಗೆ ಮುಂದಿನ ತಲೆಮಾರಿಗೆ, ಬೇರೆ ಊರಿಗೆ, ವಿಜ್ಞಾನಕ್ಕೆ. ಕಷ್ಟ ಇಂದು ಬಾಗಿಲು ತೆಗೆದವರಿಗೆ. ಮೈಸೂರಿನ ವಹಿಯಲ್ಲಿ ತೂಕ ಬರೆಸಿದ ತಾಯಂದಿರಲ್ಲಿ ಎಷ್ಟೋ ಮಂದಿ ಅದರ ಫಲ ಕಾಣುವ ಮೊದಲೇ ತೀರಿಕೊಂಡಿರಬೇಕು. ಪರವಾಗಿ ಮಾತಾಡುವವರು ಇಪ್ಪತ್ತನೇ ವರ್ಷದಿಂದ ಹಿಂದಕ್ಕೆ ನೋಡುತ್ತಾರೆ, ವಿರೋಧಿಸುವವರು ಮೊದಲ ವರ್ಷದಿಂದ ಮುಂದಕ್ಕೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮೊದಲ ವರ್ಷದಿಂದಲೇ ಚಿಕಿತ್ಸೆ ಕೊಡಿ ಎಂದರೆ ಸಂಶೋಧಕರಿಗೊಂದು ಸಂಕಟ ಎದುರಾಗುತ್ತದೆ. ನಿಗಾದಲ್ಲಿರುವ ಊರಿನಲ್ಲಿ ಬಿಪಿ ಗುಳಿಗೆ ತಪ್ಪದೆ ಸಿಕ್ಕರೆ ಆ ಊರು ಪಕ್ಕದ ಊರಿನಂತೆ ಉಳಿಯುವುದಿಲ್ಲ, ಅದರ ಅಂಕಿಯನ್ನು ತಾಲ್ಲೂಕಿನದೆಂದು ಹೇಳಲಾಗುವುದಿಲ್ಲ. ಬಾಂಗ್ಲಾದೇಶದ ಮತ್ಲಾಬ್‌ನಲ್ಲಿ 1966ರಿಂದ ಇಂಥ ನಿಗಾ ಇದೆ. ಅಲ್ಲಿ ಈ ತೊಡಕನ್ನೇ ವಿಧಾನವಾಗಿಸಿಕೊಂಡರು: 1977ರಿಂದ ಅರ್ಧ ಹಳ್ಳಿಗಳಲ್ಲಿ ತಾಯಿ-ಮಗುವಿನ ಹೆಚ್ಚುವರಿ ಸೇವೆ, ಇನ್ನರ್ಧದಲ್ಲಿ ಮಾಮೂಲಿ ಸರ್ಕಾರಿ ಸೇವೆ ಎಂದು ಹಂಚಿ, ಎರಡನ್ನೂ ಎಣಿಸಿ ಹೋಲಿಸಿದರು. ನೀತಿ ರೂಪಿಸಲು ಅದರಿಂದ ನೆರವಾಯಿತು, ಮಾಮೂಲಿ ಸೇವೆಯ ಅರ್ಧದವರಿಗೆ ಯಾಕೆ ಹೀಗೆ ಎಂಬ ಪ್ರಶ್ನೆಯೂ ಉಳಿಯಿತು. ಬೆಂಗಳೂರು ಜಿಲ್ಲೆಯ ಆ 119 ಹಳ್ಳಿಗಳನ್ನು ನೆನೆದರೆ ನನ್ನ ಒಲವು ಸ್ಪಷ್ಟ: ಅಂಕಿಯ ಶುದ್ಧತೆ ಸ್ವಲ್ಪ ಕೆಟ್ಟರೂ ಚಿಂತೆಯಿಲ್ಲ, ಕಣ್ಣೆದುರಿನ ಕಾಯಿಲೆಗೆ ಮದ್ದು ಸಿಗಲೇಬೇಕು.

ಹಣದ ವಾದವನ್ನು ಅಷ್ಟು ಸಲೀಸಾಗಿ ಒಪ್ಪಲಾಗದು. ‘ಈ ದುಡ್ಡನ್ನು ಪಿಎಚ್‌ಸಿಗೆ ಹಾಕಿ’ ಎನ್ನುವುದು ಕೇಳಲು ಸರಿ. ಆದರೆ ಸಂಶೋಧನೆಗೆಂದು ಬಂದ ಅನುದಾನ ವೈದ್ಯರ ಖಾಲಿ ಹುದ್ದೆ ತುಂಬಲು ತಿರುಗುವುದಿಲ್ಲ. ಅದನ್ನು ಬೇಡವೆಂದರೆ ಅದು ಇನ್ನೊಂದು ರಾಜ್ಯದ ಇನ್ನೊಂದು ಹಳ್ಳಿಗೆ ಹೋಗುತ್ತದೆ, ತಂಬೂರದ ಪಾಲಿಗೆ ಎರಡೂ ಇಲ್ಲ. ಹಾಗೆಂದು ಪಿಎಚ್‌ಸಿಯಲ್ಲಿ ವೈದ್ಯರೇ ಇಲ್ಲದ ಕಡೆ ನಿಗಾ ಕೇಂದ್ರ ತೆರೆಯುವುದೂ ಸರಿಯಲ್ಲ. ಪತ್ತೆಯಾದ ರೋಗಿಯನ್ನು ಕಳಿಸುವ ಜಾಗವೇ ಇಲ್ಲದಿದ್ದರೆ ಪತ್ತೆ ಮಾಡುವುದು ಹಿಂಸೆ.

ಒಪ್ಪಿಗೆಯ ವಿಷಯದಲ್ಲಿ ಕಾನೂನಿನ ಆಸರೆ ಇದೆ, ಸಾಲದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ವಿನಾಯಿತಿ ಕೊಟ್ಟಿದೆ. ಆ ದತ್ತಾಂಶ ಬಳಸಿ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು ಎಂಬುದು ಆ ವಿನಾಯಿತಿಯ ಒಂದು ಷರತ್ತು. ‘ನಿಮಗೆ ಸಕ್ಕರೆ ಕಾಯಿಲೆ ಇದೆ, ಬನ್ನಿ’ ಎಂದು ಕರೆಯುವುದೇ ಅಂಥ ತೀರ್ಮಾನ. ಹಾಗಾಗಿ ರೋಗಿಯ ಕೈಹಿಡಿಯುವ ನಿಗಾ ವ್ಯವಸ್ಥೆ ವಿನಾಯಿತಿಯ ಮರೆಯಲ್ಲಿ ನಿಲ್ಲದೆ, ಎದುರು ಕೂತು ಒಪ್ಪಿಗೆ ಕೇಳುವುದೇ ಸರಿ. ಕಾಗದದ ಮೇಲಿನ ಸಹಿ ಒಪ್ಪಿಗೆಯಾಗುವುದಿಲ್ಲ ಎಂದು 2009-10ರಲ್ಲಿ ಖಮ್ಮಂ ಮತ್ತು ವಡೋದರದ ಎಚ್‌ಪಿವಿ ಲಸಿಕೆ ಯೋಜನೆ ಕಲಿಸಿತು. ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದನ್ನು ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಗ್ರಾಮಸಭೆಯ ಒಪ್ಪಿಗೆಯನ್ನೂ ಎಲ್ಲರ ಒಪ್ಪಿಗೆ ಎಂದು ಓದಬಾರದು. ಅಲ್ಲಿ ಮಾತಾಡುವವರು ಯಾರು, ಗೌಳಿ ದೊಡ್ಡಿಯವರು ಎಲ್ಲಿ ಕೂರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ. ಊರಿನ ಒಪ್ಪಿಗೆ ಬೇಕು, ಮನೆಯದೂ ಬೇಕು, ಮನೆಯೊಳಗಿನ ಸೊಸೆಯದೂ ಬೇರೆಯಾಗಿ ಬೇಕು.

ಇಷ್ಟೆಲ್ಲ ತೂಗಿದ ಮೇಲೆ ನನ್ನ ತಕ್ಕಡಿ ಮಾಡುವುದರ ಕಡೆಗೆ ವಾಲುತ್ತದೆ, ಆದರೆ ಕೆಲವು ಕರಾರುಗಳ ಮೇಲೆ. ತಂಬೂರವನ್ನು ನಡುವಿಟ್ಟುಕೊಂಡು ಸುತ್ತಿನ ಹಳ್ಳಿ, ತಾಂಡಾ, ದೊಡ್ಡಿಗಳನ್ನೆಲ್ಲ ಸೇರಿಸಿದ ಗುಂಪು ಇರಲಿ. ಬರೆಯುವ ಕೆಲಸಕ್ಕೆ ಅದೇ ಊರುಗಳ ಹುಡುಗ-ಹುಡುಗಿಯರಿಗೆ ತಿಂಗಳ ಸಂಬಳ ಕೊಟ್ಟು ನೇಮಿಸಲಿ, ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟದಿರಲಿ. ಈಗಿರುವ ಜನನ-ಮರಣ ವಹಿ, ತಾಯಿ ಕಾರ್ಡು, ಗೃಹ ಆರೋಗ್ಯದ ದಾಖಲೆಗಳನ್ನು ಸರಿಪಡಿಸುವುದರಿಂದ ಶುರುವಾಗಲಿ. ಅದರಿಂದ ಕೇಂದ್ರ ನಾಳೆ ಮುಚ್ಚಿದರೂ ಊರಿಗೆ ಉಳಿಯುವುದೊಂದಿರುತ್ತದೆ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವರದಿ ಓದಲಿ. ಪ್ರಕಟಣೆಯಲ್ಲಿ ಊರಿನ ಹೆಸರು ಇರಬೇಕೇ ಎಂಬುದನ್ನು ಊರೇ ಹೇಳಲಿ. ಐದು ವರ್ಷಕ್ಕೊಮ್ಮೆ ಮುಂದುವರಿಸಬೇಕೇ ಎಂದು ಹೊಸದಾಗಿ ಕೇಳಲಿ, ಬೇಡವೆಂದ ಮನೆಯನ್ನು ಬಿಟ್ಟುಬಿಡಲಿ.

ಈ ಎಲ್ಲ ಕರಾರುಗಳಿಗೂ ಮೇಲಾದದ್ದು ಒಂದಿದೆ. ಮೊದಲ ವರ್ಷದ ವರದಿಯಲ್ಲಿ ಎಷ್ಟು ಜನರಿಗೆ ಬಿಪಿ ಇದೆ ಎಂದು ಕಂಡುಹಿಡಿದಿರಿ ಎಂಬ ಅಂಕಿಯ ಪಕ್ಕದಲ್ಲೇ, ಅವರಲ್ಲಿ ಎಷ್ಟು ಜನರಿಗೆ ತಿಂಗಳು ತಿಂಗಳು ಗುಳಿಗೆ ಸಿಗುತ್ತಿದೆ ಎಂಬ ಅಂಕಿಯೂ ಇರಬೇಕು. ಎರಡನೆಯ ಅಂಕಿ ಮೊದಲನೆಯದರ ಹತ್ತಿರ ಬಾರದಿದ್ದರೆ ಎರಡನೇ ವರ್ಷದ ಭೇಟಿಗೆ ತಂಬೂರ ಬಾಗಿಲು ತೆಗೆಯಬೇಕಾಗಿಲ್ಲ.